ಲೆಕ್ಕಕ್ಕೆ ಬಾರದ ಪೆಟ್ಟು

ಯಾವ ವಸ್ತುವನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ವಿಷಯದಲ್ಲಿ ನಮ್ಮ ಹಿರಿಯರ ಅಭಿಪ್ರಾಯ ಖಚಿತವಾಗಿತ್ತು. ಒನಕೆಯ ಮೇಲೆ ಕೂರಬಾರದು. ಮೊರವನ್ನು ಕಾಲಿನಿಂದ ಸರಿಸಬಾರದು. ಪುಸ್ತಕಕ್ಕೆ ಕಾಲು ತಗಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮೃದಂಗವಾಗಲಿ ಹಾರ್ಮೋನಿಯಂ ಆಗಲಿ ನೆಲದ ಮೇಲಿದ್ದರೆ ಸುತ್ತಿಕೊಂಡು ಹೋಗಬೇಕೇ ಹೊರತು ದಾಟಬಾರದು. ಆಯುಧಪೂಜೆಯ ದಿನ ಕುಡುಗೋಲಿನಿಂದ ಹಿಡಿದು ಹೊಲಿಗೆಯ ಯಂತ್ರದವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿ ಹೂವೇರಿಸುವ ಪದ್ಧತಿಯ ಹಿಂದೆ ಇರುವುದೂ ಇದೇ ಭಾವನೆ. ದುಡಿಯುವ ವಸ್ತುವಿಗೂ ಒಂದು ಮರ್ಯಾದೆ ಇದೆ. ಅದರ ಯೋಗ್ಯತೆಗೆ ಕಡಿಮೆಯಾದ ಕೆಲಸಕ್ಕೆ ಅದನ್ನು ಹಚ್ಚುವುದು ಒಂದು ಬಗೆಯ ಅಪಚಾರ. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ, ಚೆನ್ನೈ ಸೇರಿದ ನಾವೆಲ್ಲ ಒನಕೆ ಮೊರಗಳನ್ನು ಹೊತ್ತು ತರಲಿಲ್ಲವಾದರೂ ಈ ಭಾವನೆಯನ್ನು ಮಾತ್ರ ಗಂಟುಕಟ್ಟಿಕೊಂಡೇ ಬಂದಿದ್ದೇವೆ.

ಹೀಗಿರುವಾಗ, ತಂದೆ ಸಾಕಷ್ಟು ಹಣ ಸುರಿದು ಮನೆಗೆ ತಂದ ವಾದ್ಯವೊಂದನ್ನು ಮಗ ವಿಡಿಯೊ ಗೇಮ್ ಆಡುವ ಗುಂಡಿಗಳಾಗಿ ಮಾರ್ಪಡಿಸಿಕೊಂಡರೆ ಏನೆನ್ನಬೇಕು? ಇಲೆಕ್ಟ್ರಾನಿಕ್ ಡ್ರಮ್ ಸೆಟ್ಟುಗಳ ವಿಷಯದಲ್ಲಿ ಇದು ಜಗತ್ತಿನ ಹಲವೆಡೆ ನಡೆಯುತ್ತಿದೆ. ಅಮೆರಿಕದಲ್ಲಿ ಸುಮಾರು 2007–08ರಿಂದ ಜೋರಾದ ಈ ಹವ್ಯಾಸ ನಮ್ಮ ಮಹಾನಗರಗಳ ಎರಡು ಕೋಣೆಯ ಮನೆಗಳಿಗೂ ಕಾಲಿಟ್ಟಿದೆ. ಮೇಲುನೋಟಕ್ಕೆ ಇದು ಮಕ್ಕಳಾಟದ ವಿಚಾರ. ಆದರೆ ಇದರ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ತುದಿಯಲ್ಲಿ ಸಿಗುವುದು ಮಕ್ಕಳಾಟವಲ್ಲ. ನಮ್ಮ ಕೆಲಸವನ್ನು ಅಳೆಯುವವರು ಯಾರು, ಅವರ ಅಳತೆಗೆ ತಕ್ಕಂತೆ ನಾವು ಎಷ್ಟರ ಮಟ್ಟಿಗೆ ಕುಗ್ಗಬಹುದು ಎಂಬ ಪ್ರಶ್ನೆ ಅಲ್ಲಿ ಕುಳಿತಿದೆ. ಆದ್ದರಿಂದ ಓದುಗರು ಸ್ವಲ್ಪ ತಾಳ್ಮೆ ವಹಿಸಿ ನಮ್ಮೊಡನೆ ಬರಬೇಕು.

ಮೊದಲು ವಸ್ತುವಿನ ಪರಿಚಯ. ಇಲೆಕ್ಟ್ರಾನಿಕ್ ಡ್ರಮ್ ಎಂಬುದು ಚರ್ಮವಾದ್ಯವಲ್ಲ. ರಬ್ಬರಿನ ಇಲ್ಲವೆ ಬಲೆಯಂಥ ಬಟ್ಟೆಯ ಹೊದಿಕೆ ಇರುವ ಕೆಲವು ಪ್ಯಾಡುಗಳು, ಕಾಲಿನಿಂದ ಒತ್ತುವ ಒಂದೆರಡು ಪೆಡಲುಗಳು, ಇವೆಲ್ಲವುಗಳ ತಂತಿಗಳು ಹೋಗಿ ಸೇರುವ ಒಂದು ಪೆಟ್ಟಿಗೆ – ಇಷ್ಟೇ ಅದರ ಸಂಸಾರ. ಪ್ಯಾಡಿನ ಅಡಿಯಲ್ಲಿ ನಾಣ್ಯದಂಥ ತೆಳ್ಳನೆಯ ಬಿಲ್ಲೆಯೊಂದಿರುತ್ತದೆ. ಅದಕ್ಕೆ ಪೆಟ್ಟು ಬಿದ್ದೊಡನೆ ಕ್ಷಣಮಾತ್ರ ವಿದ್ಯುತ್ತು ಹೊಮ್ಮುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಪಿಯರ್ ಕ್ಯೂರಿಯವರೂ ಅವರ ಅಣ್ಣ ಝಾಕ್ ಕ್ಯೂರಿಯವರೂ ತೋರಿಸಿಕೊಟ್ಟರು. ಬಿ.ಎಸ್ಸಿ. ತರಗತಿಯಲ್ಲಿ ನಾವು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಹಾಗೆಯೇ ಬಿಟ್ಟುಬಂದ ಈ ತತ್ತ್ವ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ದಿನವೂ ಚಟಕ್ಕೆಂದು ಕಿಡಿ ಹಾರಿಸುತ್ತಿರುತ್ತದೆ. ಪೆಟ್ಟು ಜೋರಾದಷ್ಟೂ ವಿದ್ಯುತ್ತು ಹೆಚ್ಚು. ಪೆಟ್ಟಿಗೆಯು ಅದನ್ನು ಅಳೆದು, ತನ್ನಲ್ಲಿ ಶೇಖರಿಸಿಟ್ಟ ಧ್ವನಿಗಳಲ್ಲಿ ತಕ್ಕದ್ದನ್ನು ಆರಿಸಿ ಹೆಡ್‌ಫೋನಿಗೆ ಕಳುಹಿಸುತ್ತದೆ. ಬಾರಿಸುವವನ ಕಿವಿಯಲ್ಲಿ ಗುಡುಗು. ಪಕ್ಕದ ಮನೆಯವರಿಗೆ ಬರಿಯ ಟಪ್ ಟಪ್. ಕೆಳಗಿನ ಮಹಡಿಯವರಿಗೆ ಮಾತ್ರ ಪೆಡಲಿನ ದುಬು ದುಬು ತಪ್ಪಿದ್ದಲ್ಲ. ಗೋಡೆಗೆ ಗೋಡೆ ತಾಗಿದ ನಮ್ಮ ಫ್ಲ್ಯಾಟುಗಳಿಗೆ ಈ ವಾದ್ಯ ಒಗ್ಗಿಕೊಂಡಿರುವುದು ಈ ಕಾರಣದಿಂದಲೇ.

ಈ ಪೆಟ್ಟಿಗೆಗೆ ಇನ್ನೊಂದು ಬಾಯಿಯೂ ಇದೆ. ಅದರ ಹೆಸರು 'ಮಿಡಿ'. ಮಿಡಿ ಎಂದೊಡನೆ ನಮಗೆ ನೆನಪಾಗುವುದು ಉಪ್ಪಿನಕಾಯಿಯ ಜಾಡಿ. ಹೆಚ್ಚೆಂದರೆ ವೀಣೆಯ ತಂತಿಯನ್ನು ಮಿಡಿಯುವುದು. ಆದರೆ ಇದು ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಒಂದರೊಡನೊಂದು ಮಾತನಾಡಲೆಂದು 1983ರಲ್ಲಿ ಜಾರಿಗೆ ಬಂದ ಒಂದು ಸಂಕೇತಭಾಷೆ. ಜಪಾನಿನ ರೋಲ್ಯಾಂಡ್ ಕಂಪೆನಿಯ ಇಕುಟಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಇವರಿಬ್ಬರು ಅದಕ್ಕಾಗಿ ಮುಖ್ಯವಾಗಿ ದುಡಿದವರು. ಆ ಸೇವೆಗಾಗಿ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪ್ರಶಸ್ತಿ ಸಂದಿತು. ಪ್ರತಿಸ್ಪರ್ಧಿಗಳು ಕುಳಿತು ಒಂದು ಭಾಷೆಯನ್ನು ಒಪ್ಪಿಕೊಂಡದ್ದು, ನಾಲ್ಕು ದಶಕ ಕಳೆದರೂ ಅದು ಬಳಕೆಯಲ್ಲಿ ಉಳಿದದ್ದು ಎರಡೂ ಸಾಮಾನ್ಯವಲ್ಲ.

ಈ ಭಾಷೆಯಲ್ಲಿ ಒಂದು ಪೆಟ್ಟು ಎಂದರೆ ಮೂರು ಸಂಖ್ಯೆಗಳು. ಏನಾಯಿತು ಎಂಬುದಕ್ಕೆ ಒಂದು. ಯಾವ ಡ್ರಮ್ ಎಂಬುದಕ್ಕೆ ಇನ್ನೊಂದು. ಎಷ್ಟು ಜೋರಾಗಿ ಎಂಬುದಕ್ಕೆ ಮೂರನೆಯದು. ಸಾಮಾನ್ಯ ಕ್ರಮದಲ್ಲಿ 36 ಎಂದರೆ ಕಾಲಿನ ದೊಡ್ಡ ಡ್ರಮ್, 38 ಎಂದರೆ ಎಡಗೈಯ ಸ್ನೇರ್. ಮೂರನೆಯ ಸಂಖ್ಯೆ 1ರಿಂದ 127ರವರೆಗೆ ಏರುತ್ತದೆ. ಎಂದರೆ ಗರಿ ತಾಕಿದಂಥ ಪೆಟ್ಟಿನಿಂದ ತೆಂಗಿನಕಾಯಿ ಒಡೆದಂಥ ಪೆಟ್ಟಿನವರೆಗೆ ನೂರಿಪ್ಪತ್ತೇಳು ಮೆಟ್ಟಿಲು. ಈ ಮೂರನೆಯ ಸಂಖ್ಯೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಲೇಖನವೆಲ್ಲ ಅದರ ಸುತ್ತಲೇ.

ಇನ್ನು ಆಟದ ಕಥೆ. ಡ್ರಮ್ ಬಾರಿಸುವ ಆಟವನ್ನು ಜಪಾನಿನ ಕೊನಾಮಿ ಕಂಪೆನಿ 1999ರಲ್ಲೇ ಆಟದ ಅಂಗಡಿಗಳಿಗೆ ತಂದಿತ್ತು. ಮನೆಯ ಟೀವಿಯ ಮುಂದೆ ಅದು ದೊಡ್ಡ ರೀತಿಯಲ್ಲಿ ಬಂದದ್ದು 2007ರ ನವೆಂಬರಿನಲ್ಲಿ, ಅಮೆರಿಕದ ಹಾರ್ಮೊನಿಕ್ಸ್ ಕಂಪೆನಿಯ 'ರಾಕ್ ಬ್ಯಾಂಡ್' ಆಟದ ಮೂಲಕ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ನಾಲ್ಕು ಪ್ಲಾಸ್ಟಿಕ್ ಪ್ಯಾಡು, ಒಂದು ಪೆಡಲು. ಹಾಡು ಹರಿಯುತ್ತಿದ್ದಂತೆ ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ಇಳಿದು ಬರುತ್ತವೆ. ಅವು ಕೆಳಗಿನ ಗೆರೆಯನ್ನು ಮುಟ್ಟುವ ಹೊತ್ತಿಗೆ ಆಯಾ ಬಣ್ಣದ ಪ್ಯಾಡನ್ನು ಬಾರಿಸಿದರೆ ಅಂಕ. ಮರುವರ್ಷ 'ಗಿಟಾರ್ ಹೀರೊ ವರ್ಲ್ಡ್ ಟೂರ್' ಎಂಬ ಆಟ ಮೂರು ಪ್ಯಾಡು, ಎರಡು ಸಿಂಬಲ್‌ಗಳ ಇನ್ನೊಂದು ಸೆಟ್ಟನ್ನು ತಂದಿತು.

ಪ್ಲಾಸ್ಟಿಕ್ ಪ್ಯಾಡುಗಳು ಕಟಕಟ ಸದ್ದು ಮಾಡುತ್ತಿದ್ದವು; ಪೆಡಲು ಮುರಿಯುತ್ತದೆಂಬ ದೂರೂ ಇತ್ತು. ಮನೆಯಲ್ಲಿ ನಿಜವಾದ ಇಲೆಕ್ಟ್ರಾನಿಕ್ ಡ್ರಮ್ ಇದ್ದವರಿಗೆ ಸಹಜವಾಗಿಯೇ ಅನ್ನಿಸಿತು: ಅರಮನೆ ಇದ್ದೂ ಗುಡಿಸಿಲಲ್ಲಿ ಏಕೆ ಮಲಗಬೇಕು? ಆಟಿಕೆಯ ಹೊಟ್ಟೆ ಬಿಚ್ಚಿ ನೋಡಿದರು. ಒಳಗೆ ಇದ್ದದ್ದು ಅದೇ ಹರಳಿನ ಬಿಲ್ಲೆ! ದುಬಾರಿ ವಾದ್ಯದ ಒಳಗೂ ಅಗ್ಗದ ಆಟಿಕೆಯ ಒಳಗೂ ಕುಳಿತು ಪೆಟ್ಟು ತಿನ್ನುವವನು ಒಬ್ಬನೇ ಎಂದು ಗೊತ್ತಾದ ಮೇಲೆ ಉಳಿದದ್ದು ಸುಲಭ. ಕೆಲವರು ಆಟಿಕೆಯ ಬಿಲ್ಲೆಯ ತಂತಿಗಳನ್ನು ಕತ್ತರಿಸಿ, ಅಲ್ಲಿಗೆ ತಮ್ಮ ಡ್ರಮ್ಮಿನ ಪ್ಯಾಡುಗಳ ತಂತಿಯನ್ನು ಬೆಸೆದರು. ಇನ್ನು ಕೆಲವರು ಮಿಡಿಯ ಸಂದೇಶವನ್ನು ಓದಿ ಆಟದ ಭಾಷೆಗೆ ತಿರುಗಿಸುವ ಪುಟ್ಟ ದುಭಾಷಿ ಸರ್ಕಿಟ್ಟುಗಳನ್ನು ತಾವೇ ಕಟ್ಟಿದರು. ಎಕ್ಸ್‌ಬಾಕ್ಸ್ 360 ಯಂತ್ರವು ತನ್ನ ಗುರುತಿನ ಚಿಪ್ ಇಲ್ಲದ ಉಪಕರಣವನ್ನು ಒಳಗೆ ಬಿಟ್ಟುಕೊಳ್ಳದ್ದರಿಂದ, ಅಸಲಿ ಆಟಿಕೆಯ ಬೋರ್ಡನ್ನೇ ಉಳಿಸಿಕೊಂಡು ಅದರ ಮೂಲಕ ಹಾಯಬೇಕಾಗುತ್ತಿತ್ತು. ಪಾಸ್ ಇಲ್ಲದವನು ಪಾಸ್ ಇದ್ದವನ ಜೊತೆ ಗೇಟು ದಾಟುವ ಉಪಾಯವೆನ್ನಿ.

ಕಂಪೆನಿಗಳೂ ಇದನ್ನು ನೋಡದೆ ಇರಲಿಲ್ಲ. 2008ರಲ್ಲಿಯೇ ಅಯಾನ್ ಕಂಪೆನಿ ಆಟಕ್ಕೆಂದು ಮಾಡಿದ ಡ್ರಮ್ ಸೆಟ್ಟೊಂದು ಹೊರಬಂತು. ಬೇರೆ ಧ್ವನಿಪೆಟ್ಟಿಗೆ ಕೊಂಡು ಜೋಡಿಸಿದರೆ ಅದು ನಿಜವಾದ ವಾದ್ಯವೇ ಆಗುತ್ತಿತ್ತು. 2010ರಲ್ಲಿ 'ರಾಕ್ ಬ್ಯಾಂಡ್ 3' ಬಂದಾಗ ಮಿಡಿ ಡ್ರಮ್ಮನ್ನು ಆಟಕ್ಕೆ ಜೋಡಿಸುವ ಅಧಿಕೃತ ಅಡಾಪ್ಟರನ್ನೇ ಮಾರಿದರು. ಜನ ನಡೆದು ನಡೆದು ಬಿದ್ದ ಕಾಲುದಾರಿಗೆ ಆಮೇಲೆ ಮುನಿಸಿಪಾಲಿಟಿ ಡಾಂಬರು ಹಾಕಿದ ಹಾಗೆ. ಮುಂದೆ ಈ ಆಟಗಳ ಭರಾಟೆ ಇಳಿಯಿತಾದರೂ ಹವ್ಯಾಸಿಗಳು ಕಂಪ್ಯೂಟರಿಗೆಂದು ಕಟ್ಟಿದ 'ಕ್ಲೋನ್ ಹೀರೊ' ಎಂಬ ಉಚಿತ ಆಟ ಮಿಡಿ ಡ್ರಮ್ಮನ್ನು ನೇರವಾಗಿಯೇ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಈ ಪ್ರಶ್ನೆ ಹಳತಾಗಿಲ್ಲ.

ಈಗ ಮೊದಲನೆಯ ಆಕ್ಷೇಪಣೆ: ವಾದ್ಯವನ್ನು ಆಟಿಕೆ ಮಾಡುವುದು ಅಪಚಾರವಲ್ಲವೆ?

ವಾದ್ಯವನ್ನು ಬಿಚ್ಚಿ ಮಾರ್ಪಡಿಸುವುದೇ ತಪ್ಪೆನ್ನುವುದಾದರೆ ನಮ್ಮ ಸಂಗೀತದಲ್ಲಿ ಅರ್ಧ ಸದ್ದು ಅಡಗಿಹೋದೀತು. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ಒತ್ತುವ ಆ ವಾದ್ಯವನ್ನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮಗಾಗಿ ಕಲ್ಕತ್ತದ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದಲ್ಲಿ ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದರು. ಗಮಕ ನುಡಿಯಲಾರದ ಪರದೇಶಿಯೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆದರೂ ನಮ್ಮ ಭಜನೆಯ ಮನೆಗಳಿಂದ, ನಾಟಕದ ಕಂಪೆನಿಗಳಿಂದ ಅದು ಹೊರಗೆ ಹೋಗಲಿಲ್ಲ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತು, ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗುವಂತೆ ಅದರಲ್ಲಿ ತಮಗೆ ಬೇಕಾದ ಬದಲಾವಣೆ ಮಾಡಿಕೊಂಡರು. 2019ರಲ್ಲಿ ಅವರು ತೀರಿಕೊಂಡಾಗ ಆ ಪರದೇಶಿ ಕೊಳವೆ ನಮ್ಮದೇ ವಾದ್ಯವೆನ್ನುವಷ್ಟು ಆಪ್ತವಾಗಿತ್ತು. ಕಾಲಿನಿಂದ ಒದೆಯುವ ಪೆಡಲಿನ ವಿಷಯವೂ ಅಷ್ಟೇ. ಕಾಲು ತಾಕಿತೆಂದು ಕಣ್ಣಿಗೊತ್ತಿಕೊಳ್ಳಹೊರಟರೆ ಡ್ರಮ್ ಬಾರಿಸುವವನು ಒಂದು ಹಾಡಿನಲ್ಲಿ ಮುನ್ನೂರು ಸಾರಿ ಬಗ್ಗಬೇಕಾದೀತು.

ಆದರೆ ಇಲ್ಲೊಂದು ವ್ಯತ್ಯಾಸವಿದೆ. ಆಕ್ಷೇಪಣೆ ಮಾಡುವವರ ಪರವಾಗಿ ಅದನ್ನು ನಾವೇ ಹೇಳಬೇಕು. ಗೋಪಾಲನಾಥರು ವಾದ್ಯವನ್ನು ಮಾರ್ಪಡಿಸಿದ್ದು ಅದು ಮೊದಲಿಗಿಂತ ಹೆಚ್ಚು ನುಡಿಯಲೆಂದು. ಡ್ರಮ್ಮನ್ನು ಆಟಕ್ಕೆ ಜೋಡಿಸುವವನು ಅದನ್ನು ಮಾರ್ಪಡಿಸುವುದು ಅದು ಕಡಿಮೆ ನುಡಿಯಲೆಂದು. ಹೇಗೆ ಎನ್ನುವಿರೋ? ದುಭಾಷಿ ಸರ್ಕಿಟ್ಟು ಏನು ಮಾಡುತ್ತದೆ ನೋಡಿ. ಹೈಹ್ಯಾಟ್ ಎಂಬ ಜೋಡಿ ತಟ್ಟೆ ಇದೆ. ಅದು ಮುಚ್ಚಿದ್ದರೆ ಚಿಕ್ ಎನ್ನುತ್ತದೆ, ತೆರೆದಿದ್ದರೆ ಝಲ್ ಎನ್ನುತ್ತದೆ. ಮಿಡಿಯಲ್ಲಿ ಮುಚ್ಚಿದ್ದಕ್ಕೆ 42, ತೆರೆದದ್ದಕ್ಕೆ 46 ಎಂದು ಬೇರೆ ಬೇರೆ ಸಂಖ್ಯೆ. ಆಟಕ್ಕೆ ಬಂದರೆ ಎರಡೂ 'ಹಳದಿ'. ಇನ್ನು ನಾವು ನೆನಪಿಡಿ ಎಂದ ಮೂರನೆಯ ಸಂಖ್ಯೆ, ಆ ನೂರಿಪ್ಪತ್ತೇಳು ಮೆಟ್ಟಿಲು? 'ರಾಕ್ ಬ್ಯಾಂಡ್' ಅಂಕ ಕೊಡುವಾಗ ಅದನ್ನು ಕೇಳುವುದೇ ಇಲ್ಲ. ಪೆಟ್ಟು ಬಿತ್ತೇ, ಇಲ್ಲವೇ? ಹೊತ್ತಿಗೆ ಸರಿಯಾಗಿ ಬಿತ್ತೇ? ಇಷ್ಟೇ ಅದರ ಪ್ರಶ್ನೆ. ಬರೆದುಕೊಟ್ಟದ್ದಕ್ಕಿಂತ ಒಂದು ಪೆಟ್ಟು ಹೆಚ್ಚು ಹೊಡೆದರೆ ಅದುವರೆಗೆ ಕಟ್ಟಿಕೊಂಡು ಬಂದ ಸರಣಿ ಕಡಿದು ಬೀಳುತ್ತದೆ. ಬಾರಿಸುವವನು ಸ್ವಂತವಾಗಿ ಏನಾದರೂ ಸೇರಿಸಬಹುದಾದ ಜಾಗವೂ ಹಾಡಿನಲ್ಲಿ ಅಲ್ಲಲ್ಲಿ ಉಂಟು. ಆದರೆ ಅದು ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂದು ಪರದೆಯೇ ತೋರಿಸುತ್ತದೆ. ಮಂಜೂರಾದ ಸ್ವಾತಂತ್ರ್ಯ!

ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2014ರಿಂದ ನಮ್ಮ ಕಚೇರಿಗಳಿಗೆ ಆಧಾರ್ ಜೋಡಿಸಿದ ಹಾಜರಿ ವ್ಯವಸ್ಥೆ ಬಂತು. ಬಂದ ಹೊತ್ತು, ಹೋದ ಹೊತ್ತು ಎರಡೂ ಅದಕ್ಕೆ ಗೊತ್ತು. ನಡುವಿನ ಎಂಟು ಗಂಟೆಯಲ್ಲಿ ಒಬ್ಬನು ಪಿಂಚಣಿಗಾಗಿ ಅಲೆಯುವ ಮುದುಕಿಯನ್ನು ಕೂರಿಸಿ, ಅರ್ಜಿ ಓದಿ ಹೇಳಿ, ತಪ್ಪಿದ್ದ ಕಡೆ ತಿದ್ದಿಸಿ ಕಳುಹಿಸಿದನೋ, ಅಥವಾ ಕಿಟಕಿಯಾಚೆಯ ಪಾರಿವಾಳಗಳನ್ನು ಎಣಿಸಿದನೋ ಅದಕ್ಕೆ ಗೊತ್ತಿಲ್ಲ. ಇಬ್ಬರದೂ ಒಂದೇ ಹಳದಿ ಬಿಲ್ಲೆ. ವರ್ಷದ ಕೊನೆಯ ಗುಣವರದಿಯೂ ಒಂದರಿಂದ ಹತ್ತರೊಳಗಿನ ಒಂದು ಅಂಕಿಯಾಗಿ ಇಳಿಯುತ್ತದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಲಕ್ಷಾಂತರ ಜನರನ್ನು ಅಳೆಯಬೇಕಾದವನು ಒರಟು ಮಾಪು ಹಿಡಿಯಲೇಬೇಕು. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆಯೇ ಹೊರತು ಒಂದೊಂದೇ ಕಾಳನ್ನು ಎಣಿಸುವುದಿಲ್ಲ.

ಒರಟು ಮಾಪಿನಲ್ಲಿ ಒಂದು ದೊಡ್ಡ ಗುಣವೂ ಇದೆ. ಆಟ ಎಂಬ ಈ ನ್ಯಾಯಾಧೀಶನಿಗೆ ದಾಕ್ಷಿಣ್ಯವಿಲ್ಲ. ಬಾರಿಸುವವನು ಯಾರ ಮಗ, ಯಾವ ಊರಿನವನು, ಯಾವ ಭಾಷೆಯವನು ಎಂದು ಅದು ಕೇಳುವುದಿಲ್ಲ. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಪದಾಧಿಕಾರಿಗಳ ಮಕ್ಕಳಿಗೆ ಬೀಳುವ ಚಪ್ಪಾಳೆ ಅದಕ್ಕೆ ತಿಳಿಯದು. ಇನ್ನೊಂದು ಸಂಗತಿ: ಈಗಿನ ಟೀವಿಗಳು ಚಿತ್ರವನ್ನು ಕೊಂಚ ತಡವಾಗಿ ತೋರಿಸುತ್ತವೆ, ಆಗ ಸರಿಯಾಗಿ ಬಾರಿಸಿದರೂ ತಪ್ಪೆಂದಾಗುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಾವು ನಗುತ್ತೇವೆ. ಇಲ್ಲಿ ನೆಲವೇ ಡೊಂಕಾಗಿರಬಹುದು. ಅದಕ್ಕೆಂದೇ ಆಟದಲ್ಲಿ ಆ ತಡವನ್ನು ಅಳೆದು ಸರಿಪಡಿಸುವ ಏರ್ಪಾಡಿದೆ. ತನ್ನ ಗಡಿಯಾರ ತಪ್ಪಿರಬಹುದೆಂದು ಒಪ್ಪಿ ತಿದ್ದಿಕೊಳ್ಳುವ ನ್ಯಾಯಾಧೀಶರು ಮನುಷ್ಯರಲ್ಲಿ ಎಷ್ಟು ಮಂದಿ? ಅಲ್ಲದೆ ಇಂಥ ಆಟಗಳಲ್ಲಿ ಗಿಟಾರಿನದು ಐದು ಗುಂಡಿಗಳ ನಟನೆ, ಡ್ರಮ್ಮಿನದು ಹಾಗಲ್ಲ. ಕಠಿಣ ಮಟ್ಟದಲ್ಲಿ ಆಡುವವನ ಕೈಕಾಲುಗಳು ಹೆಚ್ಚುಕಡಿಮೆ ನಿಜವಾದ ಡ್ರಮ್ಮರ್ ಮಾಡುವುದನ್ನೇ ಮಾಡುತ್ತವೆ. ಲಯ ಹಿಡಿಯುವುದು, ಎರಡು ಕೈ ಒಂದು ಕಾಲು ಬೇರೆ ಬೇರೆ ದಾರಿ ಹಿಡಿದು ಒಂದೇ ಊರು ಸೇರುವುದು – ಇದನ್ನು ಆಟ ಕಲಿಸುತ್ತದೆಂದರೆ ಸುಳ್ಳಲ್ಲ. ಆದ್ದರಿಂದ ಆಟವೆಲ್ಲ ಕೆಡುಕೆಂದು ಕೈಬೀಸಿ ತಳ್ಳುವುದು ಸೋಮಾರಿಗಳ ನೀತಿ.

ಹಾಗಾದರೆ ತಪ್ಪು ಎಲ್ಲಿದೆ? ಅಥವಾ ಇದೆಯೇ?

ನಮ್ಮ ವಸತಿಗೃಹಗಳ ಸಾಲಿನಲ್ಲಿ ಹನ್ನೊಂದನೆಯ ತರಗತಿ ಓದುವ ಹುಡುಗನೊಬ್ಬ ಇಂಥದೊಂದು ದುಭಾಷಿ ಸರ್ಕಿಟ್ಟು ಕಟ್ಟಿದ. ಬೆಸುಗೆ ಹಾಕುವಾಗ ಇನ್ನೊಂದು ಕೈ ಬೇಕಿತ್ತು, ನಮ್ಮನ್ನು ಕರೆದ. ಕೆಲಸ ಮುಗಿದ ಮೇಲೆ ಬಾರಿಸಿ ತೋರಿಸಿದ. ಚುರುಕಾದ ಕೈ. ಆದರೆ ಸ್ನೇರ್ ಮೇಲೆ ಒಂದೊಂದು ಪೆಟ್ಟೂ ಮೊಳೆ ಹೊಡೆದ ಹಾಗೆ, ಒಂದೇ ಸಮ.

"ಯಾಕಪ್ಪಾ, ಎಲ್ಲಾ ಪೆಟ್ಟೂ ಒಂದೇ ಜೋರು?" ಎಂದೆವು.

"ಮೆಲ್ಲಗೆ ಹೊಡೆದರೆ ಲೆಕ್ಕಕ್ಕೇ ಬರೋದಿಲ್ಲ ಅಂಕಲ್" ಎಂದ.

ಅವನು ಹೇಳಿದ್ದು ತಾಂತ್ರಿಕವಾಗಿ ಸರಿ. ಈ ಪೆಟ್ಟಿಗೆಗಳಲ್ಲಿ ಒಂದು ಹೊಸ್ತಿಲಿರುತ್ತದೆ. ಅದಕ್ಕಿಂತ ಮೆಲುವಾದ ಪೆಟ್ಟು ಪೆಟ್ಟೇ ಅಲ್ಲ. ಹೊಸ್ತಿಲನ್ನು ತೀರ ಕೆಳಗಿಳಿಸಿದರೆ ಬೇರೆ ತೊಂದರೆ. ಪಕ್ಕದ ಪ್ಯಾಡಿನ ನಡುಕವೂ ಪೆಟ್ಟೆಂದು ದಾಖಲಾಗುತ್ತದೆ, ಒಂದು ಪೆಟ್ಟು ಎರಡಾಗಿ ಕಾಣುತ್ತದೆ. ಆದ್ದರಿಂದ ಹೊಸ್ತಿಲನ್ನು ಎತ್ತರಕ್ಕಿಟ್ಟು ಜೋರಾಗಿ ಬಾರಿಸುವುದು ಅಂಕ ಬೇಕಾದವನಿಗೆ ಕ್ಷೇಮ. ಆದರೆ ಡ್ರಮ್ ಬಲ್ಲವರನ್ನು ಕೇಳಿ. ಅವರು ಎರಡು ದೊಡ್ಡ ಪೆಟ್ಟುಗಳ ನಡುವೆ ಸ್ನೇರ್ ಮೇಲೆ ಕೇಳಿಯೂ ಕೇಳದಂಥ ಸಣ್ಣ ಪೆಟ್ಟುಗಳನ್ನು ಉದುರಿಸುತ್ತಾರೆ. ಅದಕ್ಕೆ ಅವರಲ್ಲಿ ದೆವ್ವದ ಪೆಟ್ಟು ಎಂಬರ್ಥದ ಹೆಸರೇ ಇದೆ. ಇದೆಯೆಂದು ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಹಾಡು ಸಪ್ಪೆ. ನಮ್ಮ ಮೃದಂಗ, ತಬಲಾಗಳಲ್ಲೂ ದೊಡ್ಡ ಘಾತಗಳ ನಡುವೆ ಬೆರಳ ತುದಿಯಲ್ಲಿ ಸುಳಿದು ಹೋಗುವ ಇಂಥ ನುಡಿಗಳಿವೆ. ಸಾರಿಗೆ ಹಾಕಿದ ಇಂಗಿನ ಹಾಗೆ: ಯಾರೂ ಎಣಿಸುವುದಿಲ್ಲ, ಮರೆತರೆ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ದೃಷ್ಟಿಯಲ್ಲಿ ತಪ್ಪು ಇರುವುದು ಇಲ್ಲಿ. ಯಂತ್ರ ಮೂರನೆಯ ಸಂಖ್ಯೆಯನ್ನು ಕೇಳದೆ ಇರುವುದು ತಪ್ಪಲ್ಲ. ಅದರ ಕಿವಿ ಅಷ್ಟೇ. ಅದು ಕೇಳುವುದಿಲ್ಲವೆಂದು ನಾವು ನುಡಿಸುವುದನ್ನೇ ಬಿಟ್ಟುಬಿಡುವುದು ತಪ್ಪು. ಸರ್ಕಿಟ್ಟಿನಲ್ಲಿ ಕುಗ್ಗಿದ್ದು ಕೇವಲ ಸಂದೇಶ. ಅದನ್ನು ಬೇಕೆಂದಾಗ ಕಳಚಬಹುದು. ಕೈಯಲ್ಲಿ ಕುಗ್ಗಿದ್ದು ಅಭ್ಯಾಸ. ಅದಕ್ಕೆ ಕಳಚುವ ಸ್ಕ್ರೂ ಇಲ್ಲ. ಲೆಕ್ಕಕ್ಕೆ ಬಾರದ ಪೆಟ್ಟನ್ನು ಹೊಡೆಯದಿರುವುದನ್ನು ಹುಡುಗ ಹದಿನಾರರಲ್ಲಿ ಕಲಿತರೆ, ಮೂವತ್ತಾರರಲ್ಲಿ ಕಚೇರಿಯ ಮೇಜಿನ ಹಿಂದೆ ಕುಳಿತು, ಹಾಜರಿ ಯಂತ್ರ ಕೇಳದ ಸೌಜನ್ಯವನ್ನು ಆ ಪಿಂಚಣಿಯ ಮುದುಕಿಗೆ ಏಕೆ ತೋರಿಸುತ್ತಾನೆ? ಕ್ಲೋನ್ ಹೀರೊ ಆಟ ಈಗ ಮೆಲುಪೆಟ್ಟು, ಗಟ್ಟಿಪೆಟ್ಟುಗಳನ್ನೂ ಗುರುತಿಸುವಂತಾಗಿದೆಯಲ್ಲ ಎಂದು ಬಲ್ಲವರು ಹೇಳಬಹುದು. ನಿಜ, ಯಂತ್ರದ ಕಿವಿ ದಿನೇ ದಿನೇ ಸೂಕ್ಷ್ಮವಾಗುತ್ತಿದೆ, ಸಂತೋಷ. ಆದರೆ ಅಂಕಕ್ಕಾಗಿ ಮೆಲ್ಲಗೆ ಹೊಡೆಯುವುದೂ ಹಾಡಿಗಾಗಿ ಮೆಲ್ಲಗೆ ಹೊಡೆಯುವುದೂ ಒಂದೇ ಅಲ್ಲ. ಮಾಪು ಎಷ್ಟು ನಯವಾದರೂ ಅದರ ಆಚೆಗೆ ಏನಾದರೊಂದು ಉಳಿದೇ ಇರುತ್ತದೆ. ಉಳಿದದ್ದನ್ನು ನಾವಾಗಿ ಕಾಯಬೇಕು.

ಹೊರನಾಡಿನಲ್ಲಿರುವ ನಮಗೆ ಈ ಮಾತು ಇನ್ನೊಂದು ಕಡೆಯಿಂದಲೂ ತಾಗುತ್ತದೆ. ನಾವೆಲ್ಲರೂ ಒಂದೊಂದು ದುಭಾಷಿ ಸರ್ಕಿಟ್ಟನ್ನು ಎದೆಯಲ್ಲಿಟ್ಟುಕೊಂಡೇ ಮನೆಯಿಂದ ಹೊರಗೆ ಕಾಲಿಡುವವರು. ಲೋಕಲ್ ಗಾಡಿಯಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ, ಕಚೇರಿಯಲ್ಲಿ ನಮ್ಮ ಮಾತು ಹಿಂದಿಯೋ ಮರಾಠಿಯೋ ಇಂಗ್ಲಿಷೋ ಆಗಿ ತಿರುಗುತ್ತದೆ. ಕನ್ನಡದಲ್ಲಿ 'ಬಾ', 'ಬಾರೋ', 'ಬಾರಪ್ಪಾ', 'ಬನ್ನಿ', 'ಬರಬೇಕು', 'ದಯಮಾಡಿಸಿ' ಎಂದು ಎಷ್ಟು ಮೆಟ್ಟಿಲು! ಹಿಂದಿ ಮರಾಠಿಗಳಲ್ಲಿ ಮೆಟ್ಟಿಲಿಲ್ಲವೆಂದಲ್ಲ. ಅವನ್ನು ಹತ್ತಿ ಇಳಿಯುವ ಕಾಲು ನಮಗಿಲ್ಲ. ಆದ್ದರಿಂದ ಅಲ್ಲಿ ನಾವು ಕೆಲಸಕ್ಕೆ ಸಾಕಾಗುವಷ್ಟು ನಾಲ್ಕು ಬಣ್ಣದ ಬಿಲ್ಲೆಗಳಲ್ಲಿ ಬದುಕುತ್ತೇವೆ. ಬಸ್ಸು ಸಿಗುತ್ತದೆ, ಸಂಬಳ ಬರುತ್ತದೆ, ಅಂಕ ಬೀಳುತ್ತದೆ. ಅದು ತಪ್ಪಲ್ಲ, ಬಂದ ಊರಿನ ಭಾಷೆಗೆ ತಿರುಗಿಕೊಳ್ಳುವುದು ಸೌಜನ್ಯವೂ ಹೌದು. ಆದರೆ ಮನೆಗೆ ಬಂದ ಮೇಲೂ ಅದೇ ನಾಲ್ಕು ಬಿಲ್ಲೆಗಳಲ್ಲಿ ಮಾತನಾಡತೊಡಗಿದರೆ? 'ಊಟ ಆಯ್ತಾ, ಹೋಂವರ್ಕ್ ಆಯ್ತಾ, ಲೈಟ್ ಆಫ್ ಮಾಡು' – ಮಕ್ಕಳಿಗೆ ನಾವು ಉಳಿಸುತ್ತಿರುವ ಕನ್ನಡ ಇಷ್ಟೇ ಆಗಿಬಿಟ್ಟರೆ? ಮುನಿಸು, ಲಾಲಿ, ಕುಚೋದ್ಯ, ಸಮಾಧಾನ ಇವೆಲ್ಲ ಮೂರನೆಯ ಸಂಖ್ಯೆಯವು. ಇವಕ್ಕೆ ಶಾಲೆಯಲ್ಲಿ ಅಂಕವಿಲ್ಲ, ಕಚೇರಿಯಲ್ಲಿ ಬಡ್ತಿಯಿಲ್ಲ. ನಮ್ಮ ಮನೆಯಲ್ಲಿ ನುಡಿಸದಿದ್ದರೆ ಮುಂಬಯಿಯಲ್ಲಿ ಅವನ್ನು ಮಕ್ಕಳಿಗೆ ಕೇಳಿಸುವವರು ಯಾರು?

ಪರಿಹಾರ ಆ ಪೆಟ್ಟಿಗೆಯಲ್ಲೇ ಇದೆ. ಪ್ಲಾಸ್ಟಿಕ್ಕಿನ ಆಟಿಕೆಯಿಂದ ಹೊರಡುವುದು ಒಂದೇ ತಂತಿ. ಅದು ಆಟಕ್ಕೆ ಹೋಗುತ್ತದೆ. ಆಟ ನಿಂತರೆ 'ರಾಕ್ ಬ್ಯಾಂಡ್' ಪ್ಯಾಡಿಗೆ ಟಕ್ ಎನ್ನುವುದರ ಹೊರತು ಸ್ವಂತ ಧ್ವನಿಯಿಲ್ಲ. ಮಿಡಿಯ ದಾರಿಯಿಂದ ಜೋಡಿಸಿದ ನಿಜವಾದ ಡ್ರಮ್ಮಿನಲ್ಲಿ ಎರಡು ತಂತಿ. ಒಂದು ಮಿಡಿಯ ಬಾಯಿಯಿಂದ ಆಟಕ್ಕೆ. ಇನ್ನೊಂದು ಧ್ವನಿಯ ಬಾಯಿಯಿಂದ ಹೆಡ್‌ಫೋನಿಗೆ. ಮೊದಲನೆಯದರಲ್ಲಿ ಪೆಟ್ಟು ಕುಗ್ಗಿ ಹೋಗುತ್ತಿದ್ದರೂ ಎರಡನೆಯದರಲ್ಲಿ ಅದು ನೂರಿಪ್ಪತ್ತೇಳು ಮೆಟ್ಟಿಲುಗಳೊಡನೆ ಪೂರ್ತಿಯಾಗಿ ನುಡಿಯುತ್ತಲೇ ಇರುತ್ತದೆ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ವಾದ್ಯವನ್ನು ಆಟಕ್ಕೆ ಜೋಡಿಸಿದವನು ವಾದ್ಯಕ್ಕೆ ಅಪಚಾರ ಮಾಡಿದನೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಎರಡನೆಯ ತಂತಿ ಇನ್ನೂ ಚುಚ್ಚಿಕೊಂಡಿದೆಯೇ ನೋಡಿ. ಇದ್ದರೆ ಅಪಚಾರವಿಲ್ಲ. ಅದನ್ನು ಕಿತ್ತು, ಪರದೆಯ ಅಂಕವೊಂದನ್ನೇ ನೋಡುತ್ತ ಬಾರಿಸತೊಡಗಿದ ದಿನ ವಾದ್ಯ ಆಟಿಕೆಯಾಯಿತು. ಅದಕ್ಕೆ ಬೆಸುಗೆಯ ಕಡ್ಡಿಯನ್ನು ದೂರಿ ಫಲವಿಲ್ಲ.

ಆದ್ದರಿಂದ ಮನೆಯಲ್ಲಿ ಇಂಥ ಮಕ್ಕಳಿರುವ ತಂದೆತಾಯಿಯರಲ್ಲಿ ನಮ್ಮ ಬಿನ್ನಹ. ಮಗನೋ ಮಗಳೋ ಡ್ರಮ್ಮಿನ ತಂತಿ ಬಿಚ್ಚಿ ಕುಳಿತರೆ ಗದರಿಸಬೇಡಿ. ಕೊಂಡ ವಸ್ತುವಿನ ಒಳಗೇನಿದೆ ಎಂದು ತೆರೆದು ನೋಡುವ ಧೈರ್ಯ ಒಳ್ಳೆಯ ಗುಣ. ನಾವು ಬಾಯಿಪಾಠ ಮಾಡಿ ಬಿಟ್ಟುಬಂದ ವಿಜ್ಞಾನವನ್ನು ಅವರು ಬೆರಳು ಸುಟ್ಟುಕೊಂಡು ಕಲಿಯುತ್ತಿದ್ದಾರೆ. ಆಡಲಿ, ಅಂಕವೂ ಬರಲಿ. ಆದರೆ 'ಎಷ್ಟು ಅಂಕ ಬಂತು?' ಎಂದು ಕೇಳುವ ಮೊದಲು, ವಾರಕ್ಕೊಮ್ಮೆಯಾದರೂ ಟೀವಿ ಆರಿಸಿ, ಆ ಹೆಡ್‌ಫೋನನ್ನು ನಿಮ್ಮ ಕಿವಿಗೆ ಹಾಕಿಕೊಂಡು, 'ಈಗ ನಿನಗೆ ಬೇಕಾದ್ದು ಬಾರಿಸು, ಕೇಳೋಣ' ಎನ್ನಿ. ನಿಮಗೆ ಡ್ರಮ್ಮಿನ ಗಂಧಗಾಳಿ ಇಲ್ಲದಿದ್ದರೂ ಚಿಂತೆಯಿಲ್ಲ. ಮೆಲ್ಲಗೆ ಹೊಡೆದದ್ದನ್ನು ಕೇಳಿಸಿಕೊಳ್ಳುವವರು ಮನೆಯಲ್ಲಿ ಒಬ್ಬರಿದ್ದಾರೆಂದು ಗೊತ್ತಾದರೆ ಮಕ್ಕಳು ಮೆಲ್ಲಗೆ ಹೊಡೆಯುವುದನ್ನು ಮರೆಯುವುದಿಲ್ಲ.